ಕಾಟಾ ಮೇಲೆ ನಿಂತ ಪೈಲ್ವಾನರು

“ತೂಕಾ ನೋಡಿ ಕುಸ್ತಿ ಹಚ್ಚಾಕ ಅವರೇನು ಬ್ಯಾಡಗಿ ಮೆಣಸಿನಕಾಯಿ ಚೀಲ ಏನಲೇ?”

ಇದು ನಮ್ಮ ಸೋದರಮಾವನ ಮಾತು. ನಾನು ಸಣ್ಣವನಿದ್ದಾಗಿಂದ ಕೇಳ್ತಾ ಬಂದಿದ್ದೇನೆ. ಟಿವಿಯಲ್ಲಿ ಒಲಿಂಪಿಕ್ಸ್ ಬಂದು, ಪರದೆಯ ಮೂಲೆಯಲ್ಲಿ 60 ಕೆ.ಜಿ., 66 ಕೆ.ಜಿ., 73 ಕೆ.ಜಿ. ಅಂತ ಕಾಣಿಸಿಕೊಂಡ ಕೂಡಲೇ ಮಾಮಾನ ಬಾಯಿಂದ ಇದು ಬರಲೇಬೇಕು. ಅದು ಕುಸ್ತಿಯಾದರೂ ಸರಿ, ಜೂಡೊ ಆದರೂ ಸರಿ. ಬಿಳಿ ಅಂಗಿ ಹಾಕಿಕೊಂಡು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು ಎಳೆದಾಡೋ ಜೂಡೊ ಅವರಿಗೆ ‘ಅಂಗಿ ಕುಸ್ತಿ’. ಹೆಸರೇನೂ ತಪ್ಪಿಲ್ಲ ಬಿಡಿ.

ಮಾಮಾನ ಊರು ಗಳಗನಾಥ. ಹೆಸರು ಕೇಳಿದ ಕೂಡಲೇ ನಿಮಗೆಲ್ಲ ಕಾದಂಬರಿಕಾರ ಗಳಗನಾಥರು ನೆನಪಾಗಿರ್ತಾರೆ. ನಾನು ಹೇಳ್ತಿರೋದು ಊರಿನ ಬಗ್ಗೆ. ಹಾವೇರಿ ತಾಲೂಕಿನಲ್ಲಿ, ವರದೆ ಬಂದು ತುಂಗಭದ್ರೆಯನ್ನು ಸೇರೋ ಜಾಗದಲ್ಲಿದೆ. ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ ದೇವಸ್ಥಾನ. ಅದರ ತಳ ಬೇರೆ ಗುಡಿಗಳ ಹಾಗೆ ನೆಟ್ಟಗಿಲ್ಲ, ಪಿರಮಿಡ್ಡಿನ ಥರ ಅಗಲವಾಗಿ ಕೆಳಗೆ ಹರಡಿಕೊಂಡಿದೆ. “ಪೈಲ್ವಾನ ಕಾಲು ಅಗಲ ಮಾಡಿ ನಿಂತಂಗ ಐತಿ ನೋಡು, ಯಾರೂ ಎತ್ತಿ ಒಗ್ಯಾಕ ಆಗೂದಿಲ್ಲ” ಅಂತ ಮಾಮಾ ಹೇಳ್ತಿದ್ದರು. ನದಿಯ ಕಡೆಯಿಂದ ನೋಡಿದರೆ ಹೌದು ಅನಿಸುತ್ತೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಆ ಕಡೆಯದೇ ಒಂದು ಜಾತ್ರೆಯಲ್ಲಿ ಕುಸ್ತಿಗೆ ಇಳಿದಿದ್ದೆ. ನಮ್ಮ ಕಡೆ ಜಾತ್ರೆ ಕುಸ್ತಿ ನೋಡಿದವರಿಗೆ ಗೊತ್ತಿರುತ್ತೆ. ಹಲಗಿ ಬಡೀತಾ ಇರುತ್ತೆ, ಹುಡುಗರು ಲಂಗೋಟಿ ಕಟ್ಟಿಕೊಂಡು ಕಣದ ಸುತ್ತ ತಿರುಗ್ತಾರೆ. ಊರ ಹಿರಿಯರು, ವಸ್ತಾದರು ಇಬ್ಬರ ಹೆಗಲು, ಎದೆ, ಎತ್ತರ ನೋಡಿ ಕೈಗೆ ಕೈ ಕೂಡಿಸ್ತಾರೆ. ಅದಕ್ಕೆ ಜೋಡಿ ಹಚ್ಚೋದು ಅಂತಾರೆ. ಸಣ್ಣ ಹುಡುಗರಿಗೆ ತೆಂಗಿನಕಾಯಿ, ದೊಡ್ಡವರಿಗೆ ಬೆಳ್ಳಿ ಕಡಗ. ತಕ್ಕಡಿ ಗಿಕ್ಕಡಿ ಏನೂ ಇಲ್ಲ, ಎಲ್ಲ ಕಣ್ಣಳತೆ.

ಅದಕ್ಕೆ ಸ್ವಲ್ಪ ದಿನ ಮೊದಲು ಅಪ್ಪನ ಜೊತೆ ಬ್ಯಾಡಗಿ ಪೇಟೆಗೆ ಹೋಗಿದ್ದೆ. ಚೀಲ ತೂಗೋ ಕಾಟಾ ಖಾಲಿ ಇದ್ದಾಗ ಹಮಾಲರೊಬ್ಬರು ತಮಾಷೆಗೆ ನನ್ನನ್ನೇ ಅದರ ಮೇಲೆ ನಿಲ್ಲಿಸಿದರು. 36 ಕಿಲೋ. “ಒಂದು ಚೀಲಾನೂ ಆಗಲಿಲ್ಲಲ್ಲೋ ತಮ್ಮಾ” ಅಂತ ನಕ್ಕಿದ್ದರು. ಜಾತ್ರೆಯಲ್ಲಿ ನನಗೆ ಹಚ್ಚಿದ ಜೋಡಿ ನನ್ನಷ್ಟೇ ಎತ್ತರ ಇದ್ದ, ಆದರೆ ಕನಿಷ್ಠ ಐವತ್ತು ಕಿಲೋ ಇದ್ದಿರಬೇಕು. ಎಣಿಸಿ ಹತ್ತು ಉಸಿರು ತಗೊಳ್ಳೋದರಲ್ಲಿ ನನ್ನನ್ನು ಎತ್ತಿ ಹಾಕಿದ. ಬಿದ್ದ ರಭಸಕ್ಕೆ ಎಡಭುಜ ಜಾರಿತು. ಇವತ್ತಿಗೂ ಆ ಕೈ ಪೂರ್ತಿ ಮೇಲೆತ್ತಲು ಆಗೋದಿಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವಾಗೆಲ್ಲ ಆ ಜಾತ್ರೆ ನೆನಪಾಗುತ್ತೆ. ಆ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ, ಅವನು ಚೆನ್ನಾಗೇ ಆಡಿದ. ಮಾಮಾ ಮಾತ್ರ ಆವತ್ತು, “ಡಾವ್ ಗೊತ್ತಿದ್ರ ತೂಕ ಏನ್ ಮಾಡ್ತೈತಿ?” ಅಂದಿದ್ದರು. ನಾನು ಅವರ ಜೊತೆ ಮೂವತ್ತು ವರ್ಷದಿಂದ ಮಾಡ್ತಿರೋ ಜಗಳ ಇದೊಂದೇ. ಈ ಜಗಳಕ್ಕೆ ಸರಿಯಾದ ಸಾಕ್ಷಿ ಹುಡುಕ್ತಾ ಹೋಗಿ ನಾನು ಜೂಡೊ ಚರಿತ್ರೆಯಲ್ಲಿ ಸಿಕ್ಕಿಹಾಕಿಕೊಂಡೆ. ಯಾಕಂದ್ರೆ ಇದೇ ಜಗಳವನ್ನು ಜಪಾನ್ ದೇಶ ಇಡೀ ಜಗತ್ತಿನ ಎದುರಿಗೆ, 1964ರ ಒಲಿಂಪಿಕ್ಸಿನಲ್ಲಿ, ಮಾಡಿ ಮುಗಿಸಿತ್ತು. ಮುಗಿಸಿತ್ತು ಅನ್ನೋದಕ್ಕಿಂತ, ಶುರುಮಾಡಿತ್ತು ಅನ್ನಬೇಕೇನೋ.

ಸ್ವಲ್ಪ ಹಿಂದಿನಿಂದ ಬರ್ತೀನಿ.

1896ರಲ್ಲಿ ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಕುಸ್ತಿಗೆ ತೂಕದ ವಿಭಾಗವೇ ಇರಲಿಲ್ಲ. ಇದ್ದವರು ಐದೇ ಜನ. ಗೆದ್ದವನು ಜರ್ಮನಿಯ ಕಾರ್ಲ್ ಶೂಮನ್, ಮೂಲತಃ ಜಿಮ್ನಾಸ್ಟ್, ಐದೂವರೆ ಅಡಿಯೂ ಇಲ್ಲದ ಆಳು. ಅವನು ಮೊದಲು ಕೆಡವಿದ್ದು ಅದೇ ಕ್ರೀಡಾಕೂಟದಲ್ಲಿ ಭಾರ ಎತ್ತುವುದರಲ್ಲಿ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್‌ನನ್ನು. ಫೈನಲ್ಲಿನಲ್ಲಿ ಗ್ರೀಸಿನ ಸಿತಾಸ್ ಜೊತೆ ಎಷ್ಟು ಹೊತ್ತು ಸೆಣಸಿದನೆಂದರೆ ಕತ್ತಲಾಗಿ ಆಟ ನಿಲ್ಲಿಸಿ ಮರುದಿನ ಮುಂದುವರಿಸಬೇಕಾಯಿತು. ಇದನ್ನು ಮಾಮಾನಿಗೆ ಹೇಳಿದ್ದೇ ತಪ್ಪಾಯಿತು ನೋಡಿ. ಒಂದು ವಾರ ಊರೆಲ್ಲ ಶೂಮನ್ ಕತೆಯನ್ನೇ ಹೇಳಿಕೊಂಡು ತಿರುಗಿದರು. ಆದರೆ 1904ರ ಹೊತ್ತಿಗಾಗಲೇ ಒಲಿಂಪಿಕ್ ಕುಸ್ತಿಯಲ್ಲಿ ತೂಕದ ವಿಭಾಗಗಳು ಬಂದಿದ್ದವು. ಶೂಮನ್ ಥರದವರು ಎಲ್ಲೋ ಒಬ್ಬರು. ಮಿಕ್ಕವರು ನನ್ನ ಥರ ಭುಜ ಜಾರಿಸಿಕೊಂಡು ಮನೆಗೆ ಹೋಗೋರು.

ಜೂಡೊ ಮಾತ್ರ ಈ ದಾರಿಗೆ ಬರಲು ಇನ್ನೂ ಅರವತ್ತು ವರ್ಷ ತಗೊಂಡಿತು. ಅದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಜಿಗೊರೊ ಕಾನೊ ಅನ್ನೋ ಮೇಷ್ಟರು 1882ರಲ್ಲಿ ಟೋಕಿಯೊದ ಐಶೋಜಿ ಅನ್ನೋ ಬೌದ್ಧ ಗುಡಿಯ ಒಂದು ಕೋಣೆಯಲ್ಲಿ, ಹನ್ನೆರಡು ಚಾಪೆ ಹಾಸಿದಷ್ಟು ಜಾಗದಲ್ಲಿ, ಬೆರಳೆಣಿಕೆಯ ಶಿಷ್ಯರನ್ನಿಟ್ಟುಕೊಂಡು ಶುರುಮಾಡಿದ ವಿದ್ಯೆ ಇದು. ಅಲ್ಲಿಂದ ಬೆಳೆದ ಶಾಲೆಯೇ ಕೋಡೋಕಾನ್. ಕಾನೊ ಸಣ್ಣ ಆಳು, ಐದು ಅಡಿ ಎರಡಿಂಚಿನ ಆಸುಪಾಸು. ಹುಡುಗನಾಗಿದ್ದಾಗ ದೊಡ್ಡ ಹುಡುಗರ ಕೈಲಿ ಏಟು ತಿಂದೇ ಜುಜುತ್ಸು ಕಲಿಯಲು ಹೋದವರು. ಕಲಿಯುವ ಕಾಲದಲ್ಲಿ ಫುಕುಶಿಮಾ ಅನ್ನೋ ಭಾರೀ ದೇಹದ ಸಹಪಾಠಿಯನ್ನು ಏನು ಮಾಡಿದರೂ ಕೆಡವಲಿಕ್ಕೆ ಆಗ್ತಿರಲಿಲ್ಲವಂತೆ. ಸುಮೋ ಪಟ್ಟುಗಳನ್ನು ಪ್ರಯತ್ನಿಸಿದರು, ಆಗಲಿಲ್ಲ. ಕೊನೆಗೆ ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ನೋಡಿ, ಎದುರಾಳಿಯ ಕೆಳಗೆ ತೂರಿ ಅವನನ್ನು ಹೆಗಲ ಮೇಲೆ ಅಡ್ಡಡ್ಡ ಎತ್ತಿ ಉರುಳಿಸುವ ಪಟ್ಟು ಕಂಡುಕೊಂಡರು. ಜೂಡೊದಲ್ಲಿ ಅದು ಕಾತಾ ಗುರುಮಾ. ನಮ್ಮ ಗರಡಿಗಳಲ್ಲಿ ಅದೇ ಥರದ ಡಾವಿಗೆ ಕಲಾಜಂಗ್ ಅಂತಾರೆ. ಕಾನೊ ಅವರಿಗೆ ಪುಸ್ತಕ ಹುಡುಕುವ ಬದಲು ಕೊಲ್ಹಾಪುರಕ್ಕೋ ಬೆಳಗಾವಿಗೋ ಒಂದು ಟಿಕೆಟ್ ಸಿಕ್ಕಿದ್ದರೆ ಸಾಕಿತ್ತು!

ಜೂ ಅಂದರೆ ಮೃದು, ಡೊ ಅಂದರೆ ದಾರಿ. ಎದುರಾಳಿ ತಳ್ಳಿದರೆ ನೀನೂ ತಳ್ಳಬೇಡ, ಅವನ ಬಲವನ್ನೇ ಅವನನ್ನು ಬೀಳಿಸಲು ಬಳಸು ಅನ್ನೋದು ತಿರುಳು. ಅಂಥ ವಿದ್ಯೆಯಲ್ಲಿ ತೂಕ ನೋಡಿ ವಿಭಾಗ ಮಾಡಿದರೆ ವಿದ್ಯೆಗೇ ಅವಮಾನ ಅಂತ ಜಪಾನಿನ ಹಿರಿಯರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮಾಮಾನ ಮೆಣಸಿನಕಾಯಿ ಚೀಲದ ಮಾತೂ ಅದೇ ತಾನೆ. ಕಾನೊ 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಏಷ್ಯಾದ ಮೊದಲ ಸದಸ್ಯರಾದರು. 1940ರ ಕ್ರೀಡಾಕೂಟ ಟೋಕಿಯೊಗೆ ಬರುವ ಹಾಗೆ ಓಡಾಡಿದರು. 1938ರಲ್ಲಿ ಕೈರೋದ ಸಭೆ ಮುಗಿಸಿ ಹಡಗಿನಲ್ಲಿ ವಾಪಸ್ ಬರುವಾಗ ತೀರಿಕೊಂಡರು. ಅದೇ ವರ್ಷ ಜಪಾನ್ ಯುದ್ಧದ ಕಾರಣಕ್ಕೆ ಆ ಕ್ರೀಡಾಕೂಟವನ್ನೇ ಬಿಟ್ಟುಕೊಟ್ಟಿತು.

ಇಲ್ಲಿ ಕತೆ ಒಂದು ಸಲ ನಮ್ಮ ಸೀಮೆಯ ಹತ್ತಿರಕ್ಕೆ ಬಂದು ಹೋಗುತ್ತೆ.

ಯುದ್ಧದಲ್ಲಿ ಸೋತ ಜಪಾನಿನಲ್ಲಿ ಅಮೆರಿಕನ್ನರ ಆಡಳಿತ ಬಂದಾಗ ಶಾಲೆಗಳಲ್ಲಿ ಜೂಡೊ ಕಲಿಸೋದನ್ನು ನಿಷೇಧಿಸಿದರು, ಅದು ಸೈನಿಕ ಮನೋಭಾವ ಬೆಳೆಸುತ್ತೆ ಅಂತ. ಜೂಡೊ ಆಡ್ತಿದ್ದ ಹುಡುಗರಲ್ಲಿ ಕೆಲವರು ಪಾಶ್ಚಾತ್ಯ ಶೈಲಿಯ ಕುಸ್ತಿಗೆ ಹೊರಳಿಕೊಂಡರು. ಶೋಹಾಚಿ ಇಶಿಯಿ ಅವರಲ್ಲೊಬ್ಬ. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಅವನು ಬಂದಿದ್ದು ಫ್ರೀಸ್ಟೈಲ್ ಕುಸ್ತಿಯ 57 ಕೆ.ಜಿ. ವಿಭಾಗಕ್ಕೆ. ಅದೇ ವಿಭಾಗದಲ್ಲಿ ನಮ್ಮ ದೇಶದಿಂದ ಇದ್ದವರು ಖಾಶಾಬಾ ದಾದಾಸಾಹೇಬ ಜಾಧವ್.

ಖಾಶಾಬಾ ಅವರ ಊರು ಗೋಳೇಶ್ವರ, ಕರಾಡದ ಹತ್ತಿರ. ಮಹಾರಾಷ್ಟ್ರದವರು, ಕನ್ನಡಿಗರಲ್ಲ, ಆ ಹಕ್ಕು ನಾನು ಸಾಧಿಸೋದಿಲ್ಲ. ಆದರೆ ಕುಸ್ತಿಯ ನಕಾಶೆಯಲ್ಲಿ ಕರಾಡ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ಹಾವೇರಿ ಎಲ್ಲ ಒಂದೇ ಸೀಮೆ. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನದ ಹೆಸರು ನಮ್ಮ ಕಡೆಯ ಗರಡಿಗಳಲ್ಲಿ ಕಾಶಿಯ ಹೆಸರಿನ ಹಾಗೆ ಬರುತ್ತೆ. ‘ಡಾವ್’, ‘ವಸ್ತಾದ’, ‘ಚಿತ್’ ಅನ್ನೋ ಮಾತುಗಳು ಮರಾಠಿ ಕಡೆಯವೋ ಕನ್ನಡ ಕಡೆಯವೋ ಅಂತ ಕೇಳಿದರೆ ಮಾಮಾ “ಮಣ್ಣಿನ್ವು” ಅಂತಾರೆ. 1920ರಲ್ಲಿ ಆಂಟ್‌ವರ್ಪ್‌ಗೆ ಹೋದ ಭಾರತದ ಸಣ್ಣ ತಂಡದಲ್ಲೂ ಇದೇ ಕಡೆಯ ನೆರಳಿತ್ತು. ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ಆ ತಂಡದಲ್ಲಿ ಇಬ್ಬರು ಕುಸ್ತಿಪಟುಗಳೂ ಇದ್ದರು.

ಖಾಶಾಬಾ 1948ರ ಲಂಡನ್ನಿನಲ್ಲಿ 52 ಕೆ.ಜಿ. ವಿಭಾಗದಲ್ಲಿ ಆಡಿ ಆರನೆಯವರಾಗಿದ್ದರು. ಮಣ್ಣಿನಲ್ಲಿ ಆಡಿ ಬೆಳೆದವರಿಗೆ ಮ್ಯಾಟ್ ಅನ್ನೋದೇ ಹೊಸದು, ನಿಯಮಗಳೂ ಹೊಸವು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಗೆ ಹೋಗಲು ದುಡ್ಡು ಸಾಲದೇ ಊರವರೆಲ್ಲ ಸೇರಿ ಎತ್ತಿದ ಕತೆ, ಕೊಲ್ಹಾಪುರದ ರಾಜಾರಾಂ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಕೊಟ್ಟ ಕತೆ ನಿಮ್ಮಲ್ಲಿ ಹಲವರು ಓದಿರ್ತೀರಿ. ಹೆಲ್ಸಿಂಕಿಯಲ್ಲಿ ಅವರು ಕೆನಡಾ, ಮೆಕ್ಸಿಕೊ, ಜರ್ಮನಿಯವರನ್ನು ಸೋಲಿಸಿದರು. ಆಮೇಲೆ ಎದುರಾದವನು ಇಶಿಯಿ. ದೀರ್ಘ ಕುಸ್ತಿ, ಕೊನೆಗೆ ಪಾಯಿಂಟಿನಲ್ಲಿ ಸೋಲು. ಸುಧಾರಿಸಿಕೊಳ್ಳಲು ಸಮಯ ಕೊಡದೆ ಸೋವಿಯತ್ ಒಕ್ಕೂಟದ ರಷೀದ್ ಮಮ್ಮದ್‌ಬೆಯೊವ್ ಎದುರು ಕರೆದರು, ಬಿಡುವು ಬೇಕು ಅಂತ ನಿಯಮ ಹಿಡಿದು ವಾದಿಸಲು ನಮ್ಮವರು ಯಾರೂ ಪಕ್ಕದಲ್ಲಿರಲಿಲ್ಲ ಅಂತ ಹೇಳ್ತಾರೆ. ಅದೂ ಸೋಲಾಯಿತು. ಇಶಿಯಿಗೆ ಚಿನ್ನ, ಮಮ್ಮದ್‌ಬೆಯೊವ್‌ಗೆ ಬೆಳ್ಳಿ, ಖಾಶಾಬಾಗೆ ಕಂಚು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದ ಮೊದಲ ಒಲಿಂಪಿಕ್ ಪದಕ. ಜಪಾನಿಗೆ ಆ ಇಡೀ ಕ್ರೀಡಾಕೂಟದಲ್ಲಿ ಸಿಕ್ಕಿದ್ದು ಅದೊಂದೇ ಚಿನ್ನ.

ನನಗೆ ಇದರಲ್ಲಿ ಕುತೂಹಲ ಅನಿಸಿದ್ದು ಬೇರೆ. ಗೆದ್ದವನು ತೂಕದ ಮಾತನ್ನೇ ಒಪ್ಪದ ಜೂಡೊದಿಂದ ಬಂದವನು. ಮೂರನೆಯವರು ಕಣ್ಣಳತೆಯಲ್ಲಿ ಜೋಡಿ ಹಚ್ಚುವ ಮಣ್ಣಿನ ಕುಸ್ತಿಯಿಂದ ಬಂದವರು. ಇಬ್ಬರೂ ಪದಕ ಗೆದ್ದದ್ದು 57 ಕೆ.ಜಿ. ಅನ್ನೋ ಒಂದು ಗೆರೆ ಇದ್ದದ್ದರಿಂದ. ಆ ಗೆರೆ ಇಲ್ಲದೆ ಹೆಲ್ಸಿಂಕಿಯಲ್ಲಿ ಒಂದೇ ಪದಕಕ್ಕೆ ಎಲ್ಲರೂ ಸೆಣಸಿದ್ದರೆ ಇವರಿಬ್ಬರ ಹೆಸರು ಇವತ್ತು ನಮಗೆ ಗೊತ್ತಿರ್ತಿತ್ತೇ?

ಈಗ ಜೂಡೊಗೆ ವಾಪಸ್ ಹೋಗೋಣ. ಮೊದಲ ವಿಶ್ವ ಚಾಂಪಿಯನ್‌ಶಿಪ್ 1956ರಲ್ಲಿ ಟೋಕಿಯೊದಲ್ಲಿ ನಡೀತು. ತೂಕದ ವಿಭಾಗ ಇಲ್ಲ, ಇಡೀ ಜಗತ್ತಿಗೆ ಒಬ್ಬನೇ ಚಾಂಪಿಯನ್. ಗೆದ್ದದ್ದು ಜಪಾನಿನ ನಾತ್ಸುಯಿ. 1958ರಲ್ಲೂ ಜಪಾನಿನವರೇ, ಕೋಜಿ ಸೋನೆ. 1961ರಲ್ಲಿ ಪ್ಯಾರಿಸ್‌ನಲ್ಲಿ ನಡೆದಾಗ ನೆದರ್‌ಲ್ಯಾಂಡ್ಸಿನ ಆಂಟನ್ ಗೀಸಿಂಕ್ ಅನ್ನೋ ಆರೂವರೆ ಅಡಿ ಆಳು ಜಪಾನಿನ ಮೂವರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಸೋಲಿಸಿಬಿಟ್ಟ. ಕೊನೆಗೆ ಬಿದ್ದವನು ಅದೇ ಸೋನೆ.

ಗೀಸಿಂಕ್ ಯುಟ್ರೆಕ್ಟ್ ಊರಿನ ಬಡ ಮನೆಯವನು, ಕಟ್ಟಡದ ಕೆಲಸ ಮಾಡಿದವನು. ‘ಬರೀ ದೊಡ್ಡ ದೇಹ’ ಅಂತ ಅವನನ್ನು ತಳ್ಳಿಹಾಕೋದು ಸುಲಭ, ಆದರೆ ಅದು ಸುಳ್ಳು. ಜಪಾನಿಗೇ ಹೋಗಿ ತೆನ್ರಿ ವಿಶ್ವವಿದ್ಯಾಲಯದಲ್ಲಿ ಅವರ ಜೊತೆಗೇ ಬಿದ್ದು ಎದ್ದು ಕಲಿತವನು ಆತ. ಅಂದರೆ ಜಪಾನ್ ತನ್ನ ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳಲಿಲ್ಲ, ಕೊಟ್ಟಿತು. ಅದು ದೊಡ್ಡ ಗುಣ. ವಿದ್ಯೆ ಇಬ್ಬರಲ್ಲೂ ಸಮ ಆದ ಮೇಲೆ ಉಳಿಯೋ ವ್ಯತ್ಯಾಸ ಏನು ಅನ್ನೋ ಪ್ರಶ್ನೆಯನ್ನು ಮಾತ್ರ ಅವರು ಆವರೆಗೂ ಕೇಳಿಕೊಂಡಿರಲಿಲ್ಲ.

1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಜೂಡೊ ಮೊದಲ ಸಲ ಸೇರಿತು. ಗಂಡಸರಿಗೆ ಮಾತ್ರ. ಒಲಿಂಪಿಕ್ಸ್ ಅಂದಮೇಲೆ ತೂಕದ ವಿಭಾಗ ಬೇಕೇ ಬೇಕು. ಹಾಗಾಗಿ ಮೂರು ವಿಭಾಗ ಮಾಡಿದರು: 68 ಕೆ.ಜಿ. ವರೆಗೆ, 80 ಕೆ.ಜಿ. ವರೆಗೆ, ಅದಕ್ಕಿಂತ ಮೇಲೆ. ಹಳೆಯ ನಂಬಿಕೆಯೂ ಉಳೀಲಿ ಅಂತ ನಾಲ್ಕನೆಯದೊಂದು, ಯಾವ ತೂಕದವರೂ ಬರಬಹುದಾದ ಮುಕ್ತ ವಿಭಾಗ. ಜಪಾನಿಗರ ಮನಸ್ಸಿನಲ್ಲಿ ನಿಜವಾದ ಜೂಡೊ ಅಂದರೆ ಈ ನಾಲ್ಕನೆಯದೇ. ಇದಕ್ಕಾಗಿಯೇ ಬುಡೋಕಾನ್ ಅನ್ನೋ ಎಂಟು ಮೂಲೆಯ ದೊಡ್ಡ ಸಭಾಂಗಣ ಕಟ್ಟಿದರು. ಅದರ ಮಾಡನ್ನು ನಾರಾ ಸೀಮೆಯ ಹಳೆಯ ಹೋರ್ಯೂಜಿ ದೇವಾಲಯದ ಒಂದು ಮಂಟಪದ ಮಾದರಿಯಲ್ಲಿ ಮಾಡಿದರು. ನಮ್ಮ ಗಳಗೇಶ್ವರನ ಮುಂದೆ ಅಖಾಡ ಹಾಕಿದ ಹಾಗೆ ಅಂದುಕೊಳ್ಳಿ.

ಅಕ್ಟೋಬರ್ 20ರಿಂದ ನಾಲ್ಕು ದಿನ, ದಿನಕ್ಕೊಂದು ವಿಭಾಗ. ಮೊದಲ ದಿನ 68 ಕೆ.ಜಿ.ಯಲ್ಲಿ ತಾಕೆಹಿದೆ ನಾಕಾತಾನಿ ಸ್ವಿಟ್ಜರ್‌ಲ್ಯಾಂಡಿನ ಎರಿಕ್ ಹ್ಯಾನಿಯನ್ನು ಸೋಲಿಸಿ ಚಿನ್ನ ಗೆದ್ದ. ಎರಡನೇ ದಿನ 80 ಕೆ.ಜಿ.ಯಲ್ಲಿ ಇಸಾವೊ ಓಕಾನೊ. ಎರಡೂ ಜಪಾನಿಗೇ.

ಮೂರನೇ ದಿನದ್ದು ಮಾಮಾನಿಗೆ ಬಹಳ ಇಷ್ಟದ ಭಾಗ. 80 ಕೆ.ಜಿ. ಮೇಲಿನವರ ಫೈನಲ್ಲಿಗೆ ಬಂದವರು ಇಸಾವೊ ಇನೋಕುಮಾ ಮತ್ತು ಕೆನಡಾದ ಡಗ್ ರಾಜರ್ಸ್. ಇನೋಕುಮಾ ತೊಂಬತ್ತು ಕಿಲೋನೂ ಇರಲಿಲ್ಲ. ರಾಜರ್ಸ್ ಅವನಿಗಿಂತ ಮೂವತ್ತು ಕಿಲೋ ಹತ್ತಿರ ಹೆಚ್ಚು, ಸಾಲದ್ದಕ್ಕೆ ವರ್ಷಗಟ್ಟಲೆ ಜಪಾನಿನಲ್ಲೇ ಇದ್ದು ಕಲಿತವನು. ಇಬ್ಬರಿಗೂ ಒಬ್ಬರ ಆಟ ಒಬ್ಬರಿಗೆ ಗೊತ್ತು. ಯಾರೂ ಯಾರನ್ನೂ ಬೀಳಿಸಲಾಗಲಿಲ್ಲ, ತೀರ್ಪು ಇನೋಕುಮಾ ಕಡೆ ಹೋಯಿತು. ನೋಡಿ, ಕಾನೊ ಹೇಳಿದ್ದು ನಿಜವಾಯಿತು! ಅದೇ ವಿಭಾಗದಲ್ಲಿ ಕಂಚು ಗೆದ್ದ ಇಬ್ಬರು, ಚಿಕ್ವಿಲಾಡ್ಜೆ ಮತ್ತು ಕಿಕ್ನಾಡ್ಜೆ, ಸೋವಿಯತ್ ಒಕ್ಕೂಟದ ಜಾರ್ಜಿಯಾದವರು. ಅಲ್ಲಿ ಚಿದಾಓಬಾ ಅನ್ನೋ ಹಳೆಯ ಅಂಗಿ ಕುಸ್ತಿ ಇದೆ, ಊರ ಹಬ್ಬಗಳಲ್ಲಿ ವಾದ್ಯದ ಗದ್ದಲದ ನಡುವೆ ಆಡ್ತಾರೆ. ಥೇಟ್ ನಮ್ಮ ಹಲಗಿ ಕುಸ್ತಿ.

ನಾಲ್ಕನೇ ದಿನ, ಅಕ್ಟೋಬರ್ 23. ಮುಕ್ತ ವಿಭಾಗ. ಜಪಾನಿನಿಂದ ಅಕಿಯೊ ಕಾಮಿನಾಗಾ, ಆರು ಅಡಿಗೆ ಸ್ವಲ್ಪ ಕಮ್ಮಿ, ನೂರು ಕಿಲೋ ಆಸುಪಾಸು. ಎದುರಿಗೆ ಗೀಸಿಂಕ್, ಆರೂವರೆ ಅಡಿ, ನೂರಿಪ್ಪತ್ತು ಕಿಲೋ ಹತ್ತಿರ. 1961ರಲ್ಲಿ ಪ್ಯಾರಿಸ್‌ನಲ್ಲಿ ಗೀಸಿಂಕ್ ಕೈಯಲ್ಲಿ ಸೋತಿದ್ದ ಮೂವರಲ್ಲಿ ಕಾಮಿನಾಗಾನೂ ಒಬ್ಬ. ಅಷ್ಟೇ ಅಲ್ಲ, ಆವತ್ತೇ ಮೊದಲ ಸುತ್ತುಗಳಲ್ಲೂ ಒಂದು ಸಲ ಇಬ್ಬರೂ ಎದುರಾಗಿ ಗೀಸಿಂಕ್ ತೀರ್ಪಿನಲ್ಲಿ ಗೆದ್ದಿದ್ದ. ಸೋತವರಿಗೆ ಇರುವ ಇನ್ನೊಂದು ಅವಕಾಶದಲ್ಲಿ ಗೆದ್ದು ಕಾಮಿನಾಗಾ ಫೈನಲ್ಲಿಗೆ ಬಂದಿದ್ದ. ಅಂದರೆ ಸೋಲಿನ ರುಚಿ ಗೊತ್ತಿದ್ದೂ, ದೇಶವೆಲ್ಲ ನೋಡ್ತಿದೆ ಅಂತ ಗೊತ್ತಿದ್ದೂ, ಮತ್ತೆ ಅದೇ ಆಳಿನ ಎದುರು ಹೋಗಿ ನಿಲ್ಲಬೇಕು. ನನಗೆ ಗೀಸಿಂಕ್‌ಗಿಂತ ಈ ಮನುಷ್ಯನ ಬಗ್ಗೆ ಯೋಚನೆ ಹೆಚ್ಚು. ಅವನು ಕಣಕ್ಕೆ ಇಳಿದದ್ದು ಒಂದು ಪದಕಕ್ಕಲ್ಲ, ಒಂದು ನಂಬಿಕೆಯ ಪರವಾಗಿ ಸಾಕ್ಷಿ ಹೇಳೋದಕ್ಕೆ. ಬೇರೆಯವರ ನಂಬಿಕೆಯ ಭಾರ ಹೊತ್ತು ಕುಸ್ತಿ ಆಡೋದು ಎಷ್ಟು ಕಷ್ಟ ಅಂತ ನನ್ನ ಎಡಭುಜಕ್ಕೆ ಸ್ವಲ್ಪ ಗೊತ್ತು.

ಒಂಬತ್ತು ನಿಮಿಷ ಹಿಡಿದುಕೊಂಡ ಕಾಮಿನಾಗಾ. ಆಮೇಲೆ ಒಂದು ಪಟ್ಟು ಹಾಕಲು ನುಗ್ಗಿದ. ಗೀಸಿಂಕ್ ಅಲುಗಲಿಲ್ಲ, ಅದೇ ನುಗ್ಗಿನಲ್ಲಿ ಅವನನ್ನು ನೆಲಕ್ಕೆ ತಂದು, ಒಂದು ಕೈ ಕುತ್ತಿಗೆಗೆ ಸುತ್ತಿ, ಇನ್ನೊಂದು ಕೈಯಲ್ಲಿ ಅವನ ತೋಳು ಸಿಕ್ಕಿಸಿ ಎದೆಯ ಮೇಲೆ ಒರಗಿಬಿಟ್ಟ. ಕೆಸಾ ಗತಾಮೆ ಅಂತಾರೆ ಅದಕ್ಕೆ, ಜೂಡೊ ಕಲಿಯುವ ಮಕ್ಕಳಿಗೆ ಮೊದಮೊದಲು ಹೇಳಿಕೊಡುವ ಹಿಡಿತಗಳಲ್ಲೊಂದು. ಆಗಿನ ನಿಯಮದಂತೆ 30 ಸೆಕೆಂಡು ಹಿಡಿದಿಟ್ಟರೆ ಆಟ ಮುಗೀತು. ಕಾಮಿನಾಗಾನ ಕಾಲುಗಳು ಒದ್ದಾಡೋದು ಆ ಹಳೆಯ ಕಪ್ಪುಬಿಳುಪು ಚಿತ್ರದಲ್ಲಿ ಕಾಣುತ್ತೆ. ಒಟ್ಟು 9 ನಿಮಿಷ 22 ಸೆಕೆಂಡು. ಬುಡೋಕಾನ್ ಸುಮ್ಮನಾಯಿತು.

ಆಮೇಲೆ ನಡೆದದ್ದು ಈ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಡಚ್ಚರ ಕೆಲವರು ಖುಷಿ ತಡೆಯಲಾರದೆ ಕಣಕ್ಕೆ ನುಗ್ಗಲು ಬಂದರು. ಗೀಸಿಂಕ್ ಇನ್ನೂ ಪೂರ್ತಿ ಎದ್ದಿರಲಿಲ್ಲ, ಕೈ ಎತ್ತಿ ಅವರನ್ನು ಅಲ್ಲೇ ತಡೆದ. ಬಟ್ಟೆ ಸರಿಮಾಡಿಕೊಂಡು, ಕಾಮಿನಾಗಾನ ಎದುರು ನಿಂತು, ಇಬ್ಬರೂ ಬಾಗಿ ವಂದಿಸಿದ ಮೇಲೆಯೇ ಗೆಲುವು ಗೆಲುವಾಯಿತು. ಆವತ್ತು ಸಭಾಂಗಣದಲ್ಲಿದ್ದ ಜಪಾನಿಗರು ಅವನ ಗೆಲುವಿಗಿಂತ ಆ ಕೈಯನ್ನು ಹೆಚ್ಚು ನೆನಪಿಟ್ಟುಕೊಂಡರು.

ಸರಿ, ಹಾಗಾದರೆ ಏನು ಸಿದ್ಧವಾಯಿತು? ಮೂರನೇ ದಿನ ಹಗುರದವನು ಗೆದ್ದ, ನಾಲ್ಕನೇ ದಿನ ಭಾರದವನು ಗೆದ್ದ. ಮಾಮಾ ಮೂರನೇ ದಿನ ಹಿಡ್ಕೊಂಡು ಕೂತ್ಕೊಳ್ತಾರೆ, ನಾನು ನಾಲ್ಕನೇ ದಿನ. ಅವರ ಪರವಾಗಿ ಇನ್ನೂ ಒಂದು ಸಾಕ್ಷಿ ನಾನೇ ಕೊಡಬೇಕು. 80 ಕೆ.ಜಿ. ವಿಭಾಗದ ಅದೇ ಓಕಾನೊ, ತೂಕದ ವಿಭಾಗವಿಲ್ಲದ ಅಖಿಲ ಜಪಾನ್ ಚಾಂಪಿಯನ್‌ಶಿಪ್ಪನ್ನು 1967ರಲ್ಲೂ 1969ರಲ್ಲೂ ಗೆದ್ದ. ನೂರು ಕಿಲೋ ಮೇಲಿನವರನ್ನೆಲ್ಲ ದಾಟಿಕೊಂಡು. 1990ರಲ್ಲಿ ತೋಶಿಹಿಕೊ ಕೋಗಾ, 75 ಕಿಲೋ ಆಸುಪಾಸಿನವನು, ಅದೇ ಪಂದ್ಯಾವಳಿಯ ಫೈನಲ್ಲಿನವರೆಗೂ ಬಂದು 130 ಕಿಲೋ ಹತ್ತಿರವಿದ್ದ ನಾವೋಯಾ ಒಗಾವಾನ ಕೈಯಲ್ಲಿ ಸೋತ. ಅದನ್ನು ನೋಡಿದ ಜನ ಗೆದ್ದವನಿಗಿಂತ ಸೋತವನನ್ನೇ ಹೊಗಳಿದರು. ಹೊಗಳಿದರು ನಿಜ, ಆದರೆ ಕೋಗಾಗೆ ಒಲಿಂಪಿಕ್ ಚಿನ್ನ ಸಿಕ್ಕಿದ್ದು 1992ರಲ್ಲಿ ಬಾರ್ಸಿಲೋನಾದಲ್ಲಿ, 71 ಕೆ.ಜಿ. ವಿಭಾಗದಲ್ಲಿ, ಕಾಟಾ ಮೇಲೆ ನಿಂತ ಮೇಲೆ.

ಒಲಿಂಪಿಕ್ಸಿನ ಮುಕ್ತ ವಿಭಾಗ ಬಹಳ ದಿನ ಬಾಳಲಿಲ್ಲ. 1968ರ ಮೆಕ್ಸಿಕೊದಲ್ಲಿ ಜೂಡೊನೇ ಇರಲಿಲ್ಲ. 1972ರ ಮ್ಯೂನಿಕ್‌ನಲ್ಲಿ ಇನ್ನೊಬ್ಬ ಡಚ್ಚ, ವಿಮ್ ರುಸ್ಕಾ, ಭಾರದ ವಿಭಾಗ ಮುಕ್ತ ವಿಭಾಗ ಎರಡನ್ನೂ ಒಬ್ಬನೇ ಗೆದ್ದ. ಮುಕ್ತ ಅಂದರೆ ಭಾರದವರಿಗೆ ಎರಡನೇ ಪದಕ ಅನ್ನೋ ಹಾಗಾಯಿತು. 1984ರ ಲಾಸ್ ಏಂಜಲೀಸ್‌ನಲ್ಲಿ ಯಾಸುಹಿರೊ ಯಾಮಾಶಿತಾ ಕಾಲಿನ ಗಾಯದಲ್ಲೇ ಗೆದ್ದದ್ದು ಕೊನೆ. ಆಮೇಲೆ ತೆಗೆದುಹಾಕಿದರು. ಈಗ ಗಂಡಸರಿಗೆ 60ರಿಂದ ಶುರುವಾಗಿ 100ರ ಮೇಲಿನವರೆಗೆ ಏಳು ವಿಭಾಗ. ಹೆಂಗಸರಿಗೆ 1992ರಿಂದ ಪದಕ.

ನಮ್ಮ ದೇಶದ ಜೂಡೊ ಬಗ್ಗೆ ಎರಡು ಮಾತು. ರವೀಂದ್ರನಾಥ ಟಾಗೋರರು 1929ರಲ್ಲೇ ಶಿಂಜೊ ತಾಕಾಗಾಕಿ ಅನ್ನೋ ಕೋಡೋಕಾನ್ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿದ್ದರು ಅಂದರೆ ನಂಬ್ತೀರಾ? ಅಷ್ಟು ಬೇಗ ಬಂದ ವಿದ್ಯೆ ನಮ್ಮಲ್ಲಿ ಯಾಕೋ ಬೇರು ಬಿಡಲು ತಡವಾಯಿತು. 2016ರ ರಿಯೊದಲ್ಲಿ 90 ಕೆ.ಜಿ. ವಿಭಾಗದಲ್ಲಿ ಅವತಾರ್ ಸಿಂಗ್ ಇದ್ದರು. ಮೊದಲ ಸುತ್ತಿನಲ್ಲೇ ಪೊಪೊಲೆ ಮಿಸೆಂಗಾ ಎದುರು ಸೋತರು. ಮಿಸೆಂಗಾ ಕಾಂಗೋದ ಯುದ್ಧದಿಂದ ತಪ್ಪಿಸಿಕೊಂಡು ಬ್ರೆಜಿಲ್‌ನಲ್ಲಿ ಆಶ್ರಯ ಪಡೆದವನು, ಆ ವರ್ಷ ಮೊದಲ ಸಲ ಕಟ್ಟಿದ ನಿರಾಶ್ರಿತರ ತಂಡದವನು. ಸೋತದ್ದು ನಮ್ಮವನಾದರೂ ಆವತ್ತು ನನಗೆ ಬೇಜಾರಾಗಲಿಲ್ಲ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗಂಡಸರ 60 ಕೆ.ಜಿ. ವಿಭಾಗದಲ್ಲಿ ವಿಜಯ್ ಕುಮಾರ್ ಯಾದವ್ ಸೈಪ್ರಸ್ಸಿನವನನ್ನು ಒಂದು ನಿಮಿಷದೊಳಗೆ ಬೀಳಿಸಿ ಕಂಚು ತಂದರು.

ನಮ್ಮ ಕಡೆಯ ಸುದ್ದಿ ಅಂದರೆ ಮಲಪ್ರಭಾ ಜಾಧವ್. ಬೆಳಗಾವಿ ಹತ್ತಿರದ ತುರಮುರಿಯ ರೈತರ ಮನೆಯ ಹುಡುಗಿ, ಕಲಿತದ್ದು ಜೂಡೊ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಅನ್ನೋ ಉಜ್ಬೇಕಿಸ್ತಾನದ ಅಂಗಿ ಕುಸ್ತಿಯನ್ನು ಮೊದಲ ಸಲ ಸೇರಿಸಿದ್ದರು. ಜೂಡೊ ಥರವೇ, ಆದರೆ ನೆಲದ ಮೇಲಿನ ಹಿಡಿತ ಇಲ್ಲ, ನಿಂತೇ ಎಸೀಬೇಕು. 52 ಕೆ.ಜಿ. ವಿಭಾಗದಲ್ಲಿ ಅವರಿಗೆ ಕಂಚು ಬಂತು. ಸೆಮಿಫೈನಲ್ಲಿನಲ್ಲಿ ಅವರನ್ನು ಸೋಲಿಸಿದ ಉಜ್ಬೇಕ್ ಹುಡುಗಿ ಗುಲ್ನೋರ್ ಸುಲೈಮಾನೊವಾ ಚಿನ್ನ ಗೆದ್ದಳು. ನಾನು ಗಂಡಸರ ಜೂಡೊ ಬಗ್ಗೆ ಬರೀತಾ ಇಲ್ಲಿಗೆ ಯಾಕೆ ಬಂದೆ ಅಂದರೆ, ಆ ಸುದ್ದಿ ಬಂದ ದಿನ ಮಾಮಾ ಫೋನ್ ಮಾಡಿ, “ನಮ್ಮ ಬೆಳಗಾವಿ ಹುಡುಗಿ ಗೆದ್ದಾಳ ನೋಡಲೇ” ಅಂತ ಕುಣಿದಿದ್ದರು. “ಎಷ್ಟು ಕೇಜಿದಾಗ, ಮಾಮಾ?” ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಫೋನ್ ಇಟ್ಟರು :)

ಅದಕ್ಕೆ ಸೇಡು ತೀರಿಸಿಕೊಂಡದ್ದು 2024ರ ಆಗಸ್ಟಿನಲ್ಲಿ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ಕುಸ್ತಿಯ ಫೈನಲ್ಲಿಗೆ ಬಂದು, ಫೈನಲ್ಲಿನ ಬೆಳಿಗ್ಗೆ ನೂರು ಗ್ರಾಂ ಹೆಚ್ಚು ತೂಗಿದರು ಅಂತ ಅವರನ್ನು ಹೊರಗೆ ಹಾಕಿದರು. ರಾತ್ರಿಯೆಲ್ಲ ಬೆವರಿಳಿಸಿ, ಕೂದಲು ಕತ್ತರಿಸಿದರೂ ಇಳಿಯಲಿಲ್ಲ. ನ್ಯಾಯಮಂಡಳಿಯೂ ಮನವಿ ತಳ್ಳಿಹಾಕಿತು. ಮಾಮಾ ಆವತ್ತು ನಗಲಿಲ್ಲ, ಸಿಟ್ಟಿನಲ್ಲೇ ಹೇಳಿದರು: “ನೂರು ಗ್ರಾಂ ಅಂದ್ರ ಎಷ್ಟಲೇ? ಎರಡು ಮುಷ್ಟಿ ಮೆಣಸಿನಕಾಯಿ. ವ್ಯಾಪಾರಸ್ಥರು ಸೂಟು ಬಿಡೂದ ಅದಕ್ಕಿಂತ ಹೆಚ್ಚೈತಿ. ಇದು ನಿನ್ನ ಕಾಟಾದ ನ್ಯಾಯ ಏನು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆರೆ ಬೇಕು ಅಂದಮೇಲೆ ಎಲ್ಲೋ ಒಂದು ಕಡೆ ಅದು ಹರಿತವಾಗಿ ಇರಲೇಬೇಕು ಅಂತ ಬುದ್ಧಿ ಹೇಳುತ್ತೆ. ಆ ಹುಡುಗಿಯ ಮುಖ ನೋಡಿದ ಮೇಲೆ ಅದನ್ನು ಬಾಯಿಬಿಟ್ಟು ಹೇಳೋದು ಸುಲಭ ಅಲ್ಲ. ಆದರೂ ನನ್ನನ್ನು ಕೇಳಿದರೆ, ಕಾಟಾದ ತಪ್ಪು ನೂರು ಗ್ರಾಮಿನದು, ಕಣ್ಣಳತೆಯ ತಪ್ಪು ಹದಿನಾಲ್ಕು ಕಿಲೋದ್ದು. ನಾನು ಎರಡನೆಯದನ್ನು ಮೈಮೇಲೆ ಹೊತ್ತವನು, ಹಾಗಾಗಿ ಪಕ್ಷಪಾತಿ ಅಂತ ಬೇಕಿದ್ದರೆ ಅನ್ನಿ.

ಹೋದ ತಿಂಗಳು ಗಳಗನಾಥಕ್ಕೆ ಹೋಗಿದ್ದೆ. ಸಂಜೆ ಗುಡಿಯ ಮುಂದೆ ನದಿ ಕಡೆ ಮುಖ ಮಾಡಿ ಕೂತಾಗ ಮೊಬೈಲಿನಲ್ಲಿ 1964ರ ಆ ಫೈನಲ್ ತೋರಿಸಿದೆ. ಮಾಮಾನಿಗೆ ಈಗ ಕಣ್ಣು ಮಂಜು, ಫೋನನ್ನು ಮೂಗಿಗೆ ಹತ್ತಿರ ಹಿಡಿದುಕೊಂಡು ನೋಡಿದರು. ಕಾಮಿನಾಗಾ ನೆಲಕ್ಕೆ ಬಿದ್ದಾಗ “ಕಾಲ ಹಾಕೋ, ಕಾಲ ಹಾಕೋ” ಅಂತ ಅರವತ್ತು ವರ್ಷದ ಹಿಂದಿನವನಿಗೆ ಹೇಳಿಕೊಟ್ಟರು. ಮುಗಿದ ಮೇಲೆ ಇನ್ನೊಮ್ಮೆ ಹಚ್ಚು ಅಂದರು. ನಾನು ಜಗಳಕ್ಕೆ ತಯಾರಾಗಿ ಕೂತಿದ್ದೆ. ಅವರು ತೂಕದ ಮಾತೇ ಎತ್ತಲಿಲ್ಲ.

“ಆ ಎತ್ತರದಾಂವ ಕೈ ಎತ್ತಿ ಅವರನ್ನ ತಡದ ನೋಡು” ಅಂದರು. “ಅಷ್ಟೂದ ಮತ್ತೊಮ್ಮೆ ತೋರ್ಸು.”